ವ್ಯತ್ಯಾಸಕ್ಕೆ ಕಾರಣ

ದುಬಾರೆಯ ಕೆಳಗೆ, ಹೊಳೆ ಮೊಣಕೈ ಮಡಚುವಲ್ಲಿ
ಕರಿಗಲ್ಲಿನ ಉದ್ದ ತೊಟ್ಟಿಯೊಂದಿದೆ.
ಲಾಕು ಅನ್ನುತ್ತಾರೆ ಅದಕ್ಕೆ ಈಗಲೂ.
ಬೀಗವಿಲ್ಲ, ಕೀಲಿಯಿಲ್ಲ,
ಎರಡು ಕದಗಳಿದ್ದವು, ಅವೂ ಇಲ್ಲ.
ಕದ ಕೂತಿದ್ದ ಸೀಳಿನಲ್ಲಿ ಏಡಿ ಸಂಸಾರ ಹೂಡಿದೆ.

ದಿನಕ್ಕೆ ಮೂರು ಸಲ ಬರುತ್ತೇನೆ,
ಎಂಟಕ್ಕೆ, ಒಂದಕ್ಕೆ, ಆರಕ್ಕೆ.
ಅಳತೆಪಟ್ಟಿಯ ಮೇಲೆ ನೀರೆಲ್ಲಿದೆ ನೋಡಿ
ಮೊಬೈಲಿನಲ್ಲಿ ಕಳಿಸುತ್ತೇನೆ.
ನೀರಿನ ಲೆಕ್ಕ ಬರೆಯುವುದು ನಮ್ಮ ಮನೆತನದ ಕಸುಬು.

ನಮ್ಮಜ್ಜ ಪೋಕರ್ ಈ ಕದಗಳ ಕಾವಲು.
ದೋಣಿ ಬಂದರೆ ಮೇಲಿನ ಕದ ತೆರೆದು,
ಒಳಗೆ ಬಿಟ್ಟು, ಮುಚ್ಚಿ, ತೂಬಿನ ಬೆಣೆ ಎತ್ತಿ,
ನೀರು ಇಳಿಯುವ ತನಕ ಒಂದು ಬೀಡಿ.
ಆಮೇಲೆ ಕೆಳಗಿನದು.
ಎರಡನ್ನೂ ಒಟ್ಟಿಗೆ ತೆರೆದೆಯೋ,
ಹೊಳೆಯೇ ನಿನ್ನನ್ನು ದಾಟಿಕೊಂಡು ಹೋಗುತ್ತೆ
ಅನ್ನುತ್ತಿದ್ದನಂತೆ.

ಕಟ್ಟಿಸಿದ ದೊರೆಗೆ ಕನಸಿತ್ತು:
ಕಾಫಿ, ಏಲಕ್ಕಿ, ತೇಗದ ದಿಮ್ಮಿ
ಎಲ್ಲ ನೀರ ಮೇಲೆ ಮೈಸೂರಿಗೆ.
ಹೊಳೆಗೆ ಆ ಕನಸು ಬಿದ್ದಿರಲಿಲ್ಲ.
ಬೇಸಗೆಯಲ್ಲಿ ತಳ ತೋರಿಸಿತು,
ಕಕ್ಕಡದಲ್ಲಿ ಕಟ್ಟೆಯನ್ನೇ ನುಂಗಿತು,
ನಡುವಿನ ನಾಲ್ಕು ತಿಂಗಳು ಅಜ್ಜನ ಸಂಬಳ.

ಪುತ್ತರಿ ಕಳೆದ ಮೂರನೆಯ ರಾತ್ರಿ
ಮೇಲಿನಿಂದ ಒಂದು ದೋಣಿ.
ಹುಟ್ಟು ಹಾಕುವವನು, ಒಬ್ಬ ಮುದುಕಿ,
ಚಾಪೆಯ ಮೇಲೆ ಮುಷ್ಟಿ ಕಚ್ಚಿಕೊಂಡು ಹಾಡಿಯ ಬೊಮ್ಮಿ.
ಫ್ರೇಜರ್‌ಪೇಟೆ ಆಸ್ಪತ್ರೆ ಇನ್ನೂ ದೂರ.
ಬೇಗ, ಅಂದಳು ಮುದುಕಿ.
ನೀರಿಗೆ ಬೇಗ ಗೊತ್ತಿಲ್ಲ, ಅಂದ ಅಜ್ಜ.
ಎರಡೂ ತೆಗೆ, ಏನಾದರಾಗಲಿ, ಅಂದ ಹುಟ್ಟಿನವ.
ಅಜ್ಜ ತೆಗೆಯಲಿಲ್ಲ.
ತಪ್ಪೋ ಸರಿಯೋ, ನಮ್ಮ ಮನೆಯಲ್ಲಿ ಇಂದಿಗೂ ಜಗಳ.

ಗೋಡೆಗಳ ನಡುವೆ ದೋಣಿ ಗೇಣು ಗೇಣಾಗಿ ಇಳಿಯಿತು,
ದಡದ ಲಾಟೀನು ಗೇಣು ಗೇಣಾಗಿ ಏರಿತು.
ಒಟ್ಟು ಒಂಬತ್ತಡಿ. ಆರನೆಯ ಅಡಿಯಲ್ಲಿ,
ಮೇಲಿನದೂ ಅಲ್ಲದ ಕೆಳಗಿನದೂ ಅಲ್ಲದ ನೀರಿನಲ್ಲಿ,
ಒಂದು ಅಳು.
ಕಲ್ಲು ಅದನ್ನು ಎರಡು ಮಾಡಿ ಹಿಂದಿರುಗಿಸಿತು.

ಗೆದ್ದಲು ತಿಂದು ಬಿಟ್ಟ ಪುಟ ನನ್ನ ಬಳಿ ಇದೆ.
ಒಳಗೆ: ದೋಣಿ ಒಂದು, ತಲೆ ಮೂರು.
ಹೊರಗೆ: ದೋಣಿ ಒಂದು, ತಲೆ ನಾಲ್ಕು.
ಅಂಚಿನಲ್ಲಿ ಮಡಿಕೇರಿ ಗುಮಾಸ್ತನ ಕೆಂಪು ಶಾಯಿ:
ವ್ಯತ್ಯಾಸಕ್ಕೆ ಕಾರಣ?
ಅದರ ಕೆಳಗೆ ಅಜ್ಜನ ಸೊಟ್ಟ ಅಕ್ಷರ:
ನೀರು ತಡ ಮಾಡಿತು.
ಬಾಕಿ ಒಂದಾಣೆ ಸಂಬಳದಲ್ಲಿ ಹಿಡಿಯುವುದು.

ಆ ನಾಲ್ಕನೆಯ ತಲೆ ಈಗ ಪೂರ್ತಿ ಬಿಳಿ.
ಹೋದ ವಾರ ಯಾರದೋ ಬೈಕಿನ ಹಿಂದೆ ಕೂತು ಬಂದಳು.
ಪುಟ ಓದಿ ಹೇಳಿದೆ. ಇನ್ನೊಮ್ಮೆ ಓದು ಅಂದಳು. ಓದಿದೆ.
ಲೆಕ್ಕ ಸರಿಯಾಗಿದೆ, ಅಂದಳು,
ತಲೆ ನಾಲ್ಕು ಹೌದು.
ಉಸಿರು ಎಷ್ಟು ಅಂತ ಬರೆದಿಲ್ಲ ನಿಮ್ಮಜ್ಜ.

ಸಿಟ್ಟಿರಲಿಲ್ಲ ದನಿಯಲ್ಲಿ.
ತೊಟ್ಟಿಯ ಮೆಟ್ಟಿಲು ಎಣಿಸುತ್ತ ಇಳಿದಳು,
ಆರಕ್ಕೆ ನಿಂತಳು,
ಸೀರೆ ಎತ್ತಿ ಕಾಲು ಇಳಿಬಿಟ್ಟು ಕೂತಳು.
ನೀರು ಅಲ್ಲಿಗೆ ಮುಟ್ಟುವುದಿಲ್ಲ ಈಗ.

ಆರು ಗಂಟೆ.
ಪಟ್ಟಿ ನೋಡಲು ಮರೆತು
ಮಧ್ಯಾಹ್ನದ ಅಂಕಿಯನ್ನೇ ಕಳಿಸಿದೆ.