ಎರಡು ಎಣಿಕೆ ಮೊದಲು

ಶೆಟ್ಲೆಂಡಿನ ಯೆಲ್ ದ್ವೀಪ. ಬೆಳಗಿನ ಏಳು.
ಹರಾಜಿನ ಪರದೆಯಲ್ಲಿ ಹ್ಯಾಡಕ್ ಮೀನಿನ ಬೆಲೆ
ಮೆಟ್ಟಿಲಿಳಿಯುತ್ತದೆ; ಮೊದಲು ಒತ್ತಿದವರಿಗೆ ಮೀನು.

ತಾಮ್ರದ ತಂತಿಯ ಕಾಲದಲ್ಲಿ
ಆಸ್ಲಾ ಒತ್ತಿದ್ದು ಪೇಟೆ ತಲುಪುವಷ್ಟರಲ್ಲಿ
ಪೆಟ್ಟಿಗೆ ಇನ್ಯಾರದೋ ಲಾರಿಯಲ್ಲಿ.
ಹೊಗೆಗೂಡಿನ ಕೊಕ್ಕೆಗಳು ಖಾಲಿ,
ನನಗೆ ಅರ್ಧ ದಿನದ ಕೂಲಿ.

ಆಮೇಲೆ ಸೂರಿಗೆ ತಟ್ಟೆ ಬಂತು.
ಮಾತು ಮುಗಿಲಿಗೆ ಹೋಗಿ ಬರಬೇಕು,
ಹಿಮ ಕೂತರೆ ಅದೂ ಇಲ್ಲ;
ಪೊರಕೆ ಹಿಡಿದು ಏಣಿ ಹತ್ತುತ್ತಿದ್ದವಳು ನಾನೇ.

ಆಕೆ ಉಪಾಯ ಕಲಿತಳು:
ಬೇಕಾದ ಬೆಲೆಗಿಂತ ಎರಡು ಎಣಿಕೆ ಮೊದಲೇ ಒತ್ತುವುದು.
ಹತ್ತೊಂಬತ್ತು ವರ್ಷ. ಬೆರಳಿಗೆ ಗೊತ್ತಿತ್ತು
ತಂತಿಯ ಸೋಮಾರಿತನ, ಗಂಡನ ಗೊರಕೆ ಗೊತ್ತಿರುವ ಹಾಗೆ.

ಈ ಮಂಗಳವಾರ ಫೈಬರ್ ಬಂತು,
ಜೌಗು ನೆಲ ಸೀಳಿ, ಕುರಿಬೇಲಿ ದಾಟಿ:
ಕೂದಲಿನಷ್ಟು ಗಾಜು, ಒಳಗೆ ಬೆಳಕು.
ಬೆಲೆ ಇಳಿಯತೊಡಗಿತು.
ಒತ್ತಿದಳು.
ಆ ಕ್ಷಣವೇ ನಮ್ಮದಾಯಿತು ನಲವತ್ತು ಪೆಟ್ಟಿಗೆ,
ಇಡೀ ಬಂದರಿನಲ್ಲೇ ದುಬಾರಿ ಮೀನು.

ಆಸ್ಲಾ ತನ್ನ ತೋರುಬೆರಳನ್ನು ದಿಟ್ಟಿಸಿದಳು,
ಕಚ್ಚಿದ ಸಾಕುನಾಯಿಯನ್ನು ನೋಡುವಂತೆ.
"ಇದಿನ್ನೂ ತಾಮ್ರದಲ್ಲೇ ಇದೆ" ಅಂದಳು.

ನಾನು ಚಾಕು ಮಸೆದೆ.
ಇವತ್ತು ಪೂರ್ತಿ ಕೂಲಿ.