ಹದಿಮೂರನೇ ಕಿಟಕಿ

ಡೊಂಬಿವಲಿಯಲ್ಲಿ ನಾಲ್ಕೂ ಐವತ್ತಕ್ಕೆ ನಲ್ಲಿ ನೀರು.
ಬಕೆಟ್ಟುಗಳು ತುಂಬುವುದರೊಳಗೆ ಮೂರು ಅಧ್ಯಾಯ,
ಭಾನುವಾರ ಐದು.
ವರ್ಷಕ್ಕೊಮ್ಮೆ ಮುಗಿಯಬೇಕು, ಇದು ಅಪ್ಪನ ಲೆಕ್ಕ.
ಮಂಗಳೂರಿನ ಕಾರ್ಖಾನೆಯಲ್ಲಿ ಹೆಂಚು ಎಣಿಸಿದವರು.
ರಟ್ಟಿನ ಒಳಮೈಯಲ್ಲಿ ಅವರ ಪೆನ್ಸಿಲ್ ಗೆರೆ:
ನಾಲ್ಕು ನಿಂತದ್ದು, ಒಂದು ಅಡ್ಡ.
ಅದರ ಕೆಳಗೆ ನನ್ನವು, ಹತ್ತೊಂಬತ್ತು ವರ್ಷದ್ದು.

ಹೆಸರುಗಳ ಪಟ್ಟಿ ಬಂದರೆ ನನಗೆ ಖುಷಿ.
ಇಂಥವನ ಮಗ ಇಂಥವನು, ಅವನ ಮಗ್ಗುಲಿಗೆ ಇಂಥವನು,
ಬೆರಳು ಜಾರಿಸಿದರೆ ಪುಟ ಮುಗಿಯಿತು.
ಆಮೆನ್ ಅನ್ನುವಾಗ ಒಂದು ಕೈ ಆಗಲೇ ನಲ್ಲಿಯ ಮೇಲೆ.

ಕೆಲಸ ಸಾಯನ್ನಿನಲ್ಲಿ, ಆಸ್ಪತ್ರೆಯ ಹದಿಮೂರನೇ ಕಿಟಕಿ.
ಹೆಸರು ಕೂಗುವುದು.
ಮೊನ್ನೆ ಕೇಸ್ ಪೇಪರು ಒಂದಕ್ಕೊಂದು ಅಂಟಿ
ಒಬ್ಬಳು ಬಿಟ್ಟುಹೋದಳು.
ಎರಡೂವರೆಗೆ ಕಿಟಕಿ ಎಳೆಯುವಾಗ ಗಾಜಿಗೆ ಟಕಟಕ.
ಮುದುಕಿ. ಮಾನಖುರ್ದಿನಿಂದ ಬಂದು ಏಳರಿಂದ ನಿಂತಿದ್ದಾಳೆ.
ನಾನು ಜಗಳಕ್ಕೆ ಸೆರಗು ಸಿಕ್ಕಿಸಿಯಾಗಿತ್ತು.
ಅವಳು ಜಗಳವಾಡಲಿಲ್ಲ.
"ಬಾಯಿ, ನನ್ನ ಹೆಸರು ತೆಗೆದುಕೊಳ್ಳಲೇ ಇಲ್ಲ ನೀನು."
ಮರಾಠಿಯಲ್ಲಿ ಹಾಗೆ, ಹೆಸರು ತೆಗೆದುಕೊಳ್ಳುತ್ತಾರೆ,
ದೇವರದ್ದೂ.
ಹೌಸಾಬಾಯಿ ಧೋಂಡಿಬಾ ಲೋಖಂಡೆ.
ತೆಗೆದುಕೊಂಡೆ. ಡಾಕ್ಟರು ಎದ್ದು ಹೋಗಿದ್ದರು.

ಮರುದಿನ ಮತ್ತೆ ನಲ್ಲಿ. ಗೋಡೆ ಕಟ್ಟಿದವರ ಪಟ್ಟಿ.
ಬೆರಳು ಯಾಕೋ ಜಾರಲಿಲ್ಲ.
ಅಕ್ಕಸಾಲಿ ಒಬ್ಬ, ಸುಗಂಧ ಅರೆಯುವವನೊಬ್ಬ,
ತನ್ನ ಮನೆಯೆದುರಿನಷ್ಟೇ ಕಟ್ಟಿದವನೊಬ್ಬ,
ಅರ್ಧ ಸೀಮೆಯ ಒಡೆಯನೊಬ್ಬ, ಅವನ ಜೊತೆಗೆ
ಅವನ ಹೆಣ್ಣುಮಕ್ಕಳು.

ಹೆಣ್ಣುಮಕ್ಕಳು!
ಹತ್ತೊಂಬತ್ತು ಸಲ ದಾಟಿದ್ದೇನೆ ಈ ಸಾಲನ್ನು.
ಗಾರೆ ಕಲಸಿದ ಕೈಗಳು. ಹೆಸರಿಲ್ಲ.
ಎಷ್ಟು ಜನ, ಅದೂ ಇಲ್ಲ.

ಅಲ್ಲೇ ಕೂತೆ.
ಹೌಸಾಬಾಯಿ, ಅಂದೆ.
ಅವಳಿಗಾಗಿ ಏನು ಕೇಳಬೇಕೋ ತಿಳಿಯದೆ ಹೆಸರನ್ನಷ್ಟೇ ಅಂದೆ.
ಆಮೇಲೆ ಕಿಟಕಿಯಲ್ಲಿ ಕಂಡ ಇನ್ನೊಂದೆರಡು.
ಆಮೇಲೆ, ಎಷ್ಟು ಕಾಲವಾಗಿತ್ತೋ, ಸಲೋಮಿ.
ನನ್ನಮ್ಮ. ಅಪ್ಪ ಎಣಿಸಿದ ಹೆಂಚು ಹೊತ್ತವಳು,
ರಟ್ಟಿನಲ್ಲಿ ಒಂದೂ ಗೆರೆಯಿಲ್ಲದವಳು.

ಬಕೆಟ್ ಉಕ್ಕಿ ನೀರು ಹೊಸಿಲು ದಾಟಿ
ಜೋಗಳೇಕರರ ಚಪ್ಪಲಿ ತೇಲಿಸಿತು.
ಬೈಗುಳ ತಿಂದೆ. ಆರು ಹನ್ನೆರಡರ ಲೋಕಲ್ ತಪ್ಪಿತು.
ಅಧ್ಯಾಯ ಅರ್ಧಕ್ಕೇ ನಿಂತಿದೆ, ಗೆರೆ ಎಳೆಯುವಂತಿಲ್ಲ.

ಕಿಟಕಿ ತೆರೆದಾಗ ಸಾಲು ಗೊಣಗುತ್ತಿತ್ತು.
ಮೊದಲ ಪೇಪರು ಎತ್ತಿದೆ.
ಅದರ ಬೆನ್ನಿಗೆ ಇನ್ನೊಂದು ಅಂಟಿದೆಯೇ ಎಂದು
ಉಗುರಿನಿಂದ ಬಿಡಿಸಿ ನೋಡಿದೆ.