ತಾಲೀಮಿನ ವರದಿ

ಸಿಂಗಲ್‌ಟನ್ ಬಯಲು. ಬೆಳಗಿನ ಆರು.
ಕಾಂಗರೂಗಳು ಎದ್ದು, ಮೈಮುರಿದು,
ಜಾಗ ಬಿಟ್ಟುಕೊಟ್ಟು ಹೋದವು.
ಬೇಲಿಯಾಚೆ ಕಲ್ಲಿದ್ದಲ ರೈಲು. ಅದರ ಬಾಲ ದಾಟುವುದರೊಳಗೆ
ಮಾರ್ಟರ್ ಹೂಡಿ ಮುಗಿದಿರಬೇಕು.
ನನ್ನ ಕೈಯಲ್ಲಿ ಗಡಿಯಾರ. ಕಚೇರಿಯವಳು ನಾನು,
ಗುಂಡಿನ ಸದ್ದಿಗೆ ಇವತ್ತಿಗೂ ಕಣ್ಣು ಮುಚ್ಚುವವಳು.

ಟೌಫಾನ ಹೆಗಲಿಗೆ ತಳದ ತಟ್ಟೆ, ಬ್ರೈಡಿ ಪ್ರೂಯಿಟ್‌ಗೆ ನಳಿಗೆ,
ಕುಳ್ಳ ಹಾಲೊರನ್‌ಗೆ ಎರಡು ಕಾಲಿನ ಆಸರೆ.
ಬಿಡಿಬಿಡಿಯಾಗಿ ನೋಡಿದರೆ ಬರೀ ಕಬ್ಬಿಣ,
ಗುಜರಿಯವನೂ ತೂಕ ಹಾಕಿ ಮೂತಿ ತಿರುವುವಂಥದ್ದು.

"ಆರು ವಾರದಲ್ಲಿ ಏನು ಕಲಿತಿರಿ?"
ಸಾರ್ಜೆಂಟ್ ಟಾಲಂಡ್‌ಳ ಎಡಗಿವಿ ಹೋಗಿ ಹನ್ನೊಂದು ವರ್ಷ.
ಬಲಗಿವಿ ಮುಂದೆ ಮಾಡಿಯೇ ಬೈಯುತ್ತಾಳೆ.
"ನನ್ನ ಕೆಲಸ," ಎಂದ ಟೌಫಾ.
"ನನ್ನ ಕೆಲಸ," ಉಳಿದಿಬ್ಬರೂ.
"ಅಲ್ಲೇ ಕೆಟ್ಟದ್ದು."

ಅಂದಿನಿಂದ ಮರದ ಗುಂಡು. ಕಣ್ಣಿಗೆ ಬಟ್ಟೆ.
ಸೋಮವಾರ ಇವನ ಜಾಗಕ್ಕೆ ಅವಳು, ಮಂಗಳವಾರ ಅವಳದಕ್ಕೆ ಇನ್ನೊಬ್ಬ,
ಬುಧವಾರ ಒಬ್ಬರು ಸತ್ತಂತೆ ಮಲಗಬೇಕು, ಇಬ್ಬರೇ ಹೂಡಬೇಕು.
(ಹಾಲೊರನ್ ನಿಜಕ್ಕೂ ಗೊರಕೆ ಹೊಡೆದ.)
ಅವಳ ಮಾತನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡೆ:
ಗುಂಡಿಗೆ ಬೇಕಾದ್ದು ಗುಂಡಿಗೆಯಲ್ಲ,
ಪಕ್ಕದವರ ಕೈಯ ಪರಿಚಯ.

ಗುರುವಾರ ನಿಜದ ಗುಂಡು. ಬಿಟ್ಟರು.
ಒಳಗಿಳಿದದ್ದು ಕೇಳಿಸಿತು.
ಹಾರಲಿಲ್ಲ.
ಟೌಫಾನ ಕೈಯಲ್ಲಿ ಆಗಲೇ ಎರಡನೆಯದು,
ನಳಿಗೆಯ ಬಾಯಿಗೆ ಗೇಣು ದೂರ.
ಒಂದರ ಬೆನ್ನಿಗೆ ಇನ್ನೊಂದು ಇಳಿದಿದ್ದರೆ
ಇದನ್ನು ಬರೆಯಲು ನಾನಿರುತ್ತಿರಲಿಲ್ಲ.
ಪ್ರೂಯಿಟ್‌ಳ ಅಂಗೈ ಅಡ್ಡ ಬಂತು. ಮಾತಿಲ್ಲ. ನೋಡಲೂ ಇಲ್ಲ.
ಸೋಮವಾರ ಆ ಜಾಗದಲ್ಲಿ ನಿಂತಿದ್ದ ಅಂಗೈ.
ಗಡಿಯಾರ ನಿಲ್ಲಿಸುವುದನ್ನೇ ಮರೆತಿದ್ದೆ.

ಶುಕ್ರವಾರ ಮೂರು ಲಕೋಟೆ: ಡಾರ್ವಿನ್, ಟೌನ್ಸ್‌ವಿಲ್, ಅಡಿಲೇಡ್.

ಟಾಲಂಡ್ ಹೇಳುತ್ತ ಹೋದಳು, ನಾನು ಟೈಪ್ ಮಾಡುತ್ತ ಹೋದೆ,
ಇದು ನಾಲ್ಕನೆಯ ಸಲ:
ಒಟ್ಟಿಗೆ ಕಲಿತವರನ್ನು ಒಟ್ಟಿಗೇ ಕಳಿಸಿ.
ಅವಳು ಚಹಾಕ್ಕೆಂದು ಎದ್ದಾಗ ಒಂದು ಮಾತು ಸೇರಿಸಿದೆ:
ಮೂರು ಕಲ್ಲಿನ ಒಲೆಯಲ್ಲಿ ಒಂದನ್ನು ಎಳೆದರೆ
ಉಳಿದೆರಡು ಒಲೆಯಲ್ಲ, ಎಡವುವ ಕಲ್ಲು.
ಓದಿದೆ. ಅಳಿಸಿದೆ.
"ದಕ್ಷತೆ ಕುಗ್ಗುವ ಸಂಭವವಿದೆ" ಎಂದು ಬರೆದು
ಸಹಿಗೆ ಇಟ್ಟೆ.